ಲೂಸಿಂಡಾ ವಿಲಿಯಮ್ಸ್ ಮತ್ತು ಒಂದು ಸಂಗೀತಪ್ರಕಾರದ ನಾಮಕರಣ

ಕಲೆಯ ಇತಿಹಾಸವನ್ನು ಬರೆಯುವವರು ಪ್ರಕಾರಗಳ ಹೆಸರುಗಳನ್ನು ಆಶ್ರಯಿಸದೆ ಇರಲಾರರು. ಆದರೆ ಹೆಸರು ಹುಟ್ಟಿದ ಕಾಲವೂ ಕೃತಿ ಹುಟ್ಟಿದ ಕಾಲವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಅಮೆರಿಕದ ಗಾಯಕಿಯೂ ಗೀತಕರ್ತೃವೂ ಆದ ಲೂಸಿಂಡಾ ವಿಲಿಯಮ್ಸ್ ಅವರ ವೃತ್ತಿಜೀವನವು ಇದಕ್ಕೆ ನಿದರ್ಶನವಾಗಿದೆ.

ಅಮೆರಿಕದ ದಕ್ಷಿಣ ಸೀಮೆಯ ಜನಪದ ಹಾಡುಗಾರಿಕೆಯಿಂದ ಬೆಳೆದ 'ಕಂಟ್ರಿ' ಸಂಗೀತದ ವ್ಯಾಪಾರಕ್ಕೆ ಟೆನೆಸ್ಸಿಯ ನ್ಯಾಶ್‌ವಿಲ್ ನಗರವು ಕೇಂದ್ರ. ಅಲ್ಲಿನ ಸಿದ್ಧ ಮಾದರಿಗಳಿಗೆ ಒಗ್ಗದೆ, ರಾಕ್ ಮತ್ತು ಬ್ಲೂಸ್‌ಗಳ ಅಂಶಗಳನ್ನು ಬೆರೆಸಿಕೊಂಡ ಧಾರೆಗೆ 'ಆಲ್ಟರ್ನೇಟಿವ್ ಕಂಟ್ರಿ' ಎಂಬ ಹೆಸರು ರೂಢಿಯಾದುದು 1990ರ ದಶಕದಲ್ಲಿ. ಈ ಧಾರೆಗೆ ಮುಖವಾಣಿಯಾದ 'ನೋ ಡಿಪ್ರೆಶನ್' ಪತ್ರಿಕೆ 1995ರಲ್ಲಿ ಆರಂಭವಾಯಿತು.

ವಿಲಿಯಮ್ಸ್ 1953ರಲ್ಲಿ ಲೂಸಿಯಾನದ ಲೇಕ್ ಚಾರ್ಲ್ಸ್‌ನಲ್ಲಿ ಜನಿಸಿದರು. ತಂದೆ ಮಿಲ್ಲರ್ ವಿಲಿಯಮ್ಸ್ ಕವಿಗಳು, ಅಧ್ಯಾಪಕರು. ಹಳೆಯ ಹಾಡುಗಳ ಮೊದಲ ಧ್ವನಿಮುದ್ರಿಕೆ 1979ರಲ್ಲಿಯೂ ಸ್ವಂತ ರಚನೆಗಳ ಎರಡನೆಯದು 1980ರಲ್ಲಿಯೂ ಫೋಕ್‌ವೇಸ್ ಸಂಸ್ಥೆಯಿಂದ ಹೊರಬಂದವು. ಮುಂದಿನದು ಬಂದುದು ಎಂಟು ವರ್ಷಗಳ ಅನಂತರ. ಲಾಸ್ ಏಂಜಲೀಸಿನ ರಾಕ್ ಸಂಸ್ಥೆಗಳಿಗೆ ಅವರ ಹಾಡು ಕಂಟ್ರಿಯಾಗಿ ಕಂಡಿತು. ನ್ಯಾಶ್‌ವಿಲ್ಲಿನವರಿಗೆ ಅದು ರಾಕ್ ಆಗಿ ಕೇಳಿಸಿತು. ಕೊನೆಗೆ 1988ರಲ್ಲಿ ಅದನ್ನು ಪ್ರಕಟಿಸಿದುದು, ಪಂಕ್ ಸಂಗೀತಕ್ಕೆ ಹೆಸರಾಗಿದ್ದ ಬ್ರಿಟಿಷ್ ಸಂಸ್ಥೆಯಾದ ರಫ್ ಟ್ರೇಡ್.

ಆ ಮುದ್ರಿಕೆಯಲ್ಲಿದ್ದ 'ಪ್ಯಾಶನೇಟ್ ಕಿಸಸ್' ಗೀತೆಯನ್ನು ಮುಂದೆ ಮೇರಿ ಚಾಪಿನ್ ಕಾರ್ಪೆಂಟರ್ ಹಾಡಿದರು. 1994ರಲ್ಲಿ ವಿಲಿಯಮ್ಸ್ ಅವರಿಗೆ ಅದೇ ಗೀತೆಗಾಗಿ ಅತ್ಯುತ್ತಮ ಕಂಟ್ರಿ ಗೀತೆಯ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಗೀತೆ ಬದಲಾಗಿರಲಿಲ್ಲ; ಹಾಡಿದ ಕಂಠ ಮತ್ತು ಮಾರಿದ ಪೇಟೆ ಮಾತ್ರ ಬದಲಾಗಿದ್ದುವು.

1992ರ 'ಸ್ವೀಟ್ ಓಲ್ಡ್ ವರ್ಲ್ಡ್'ಗೂ 1998ರ 'ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್'ಗೂ ಮತ್ತೆ ಆರು ವರ್ಷಗಳ ಅಂತರ. ಈ ವಿಳಂಬಕ್ಕೆ ಅವರ ಹಟವೇ ಕಾರಣವೆಂದು ಹೇಳುವುದುಂಟು. ಆಸ್ಟಿನ್‌ನಲ್ಲಿ ನಡೆದ ಮುದ್ರಣವು ತೃಪ್ತಿಕೊಡದೆ, ನ್ಯಾಶ್‌ವಿಲ್ಲಿನಲ್ಲಿ ಸ್ಟೀವ್ ಅರ್ಲ್ ಮೊದಲಾದವರೊಡನೆ ಅವರು ಹಾಡುಗಳನ್ನು ಪುನಃ ಮುದ್ರಿಸಿದುದು ನಿಜ. ಆದರೆ ಪ್ರಕಾಶಕ ಸಂಸ್ಥೆಗಳ ಅಸ್ಥಿರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ರಫ್ ಟ್ರೇಡ್ 1991ರಲ್ಲಿಯೇ ದಿವಾಳಿಯಾಗಿತ್ತು. ಕೃತಿಯ ಬಗೆಗೆ ಕೊನೆಯ ತೀರ್ಪು ಕರ್ತೃವಿನದೇ ಎಂಬ ನಿಲುವಿಗೆ ಅವರು ತೆತ್ತ ಬೆಲೆ ಕಾಲ. ಆ ಕೃತಿಗೂ ಗ್ರ್ಯಾಮಿ ಬಂದಿತು, ಆದರೆ ಸಮಕಾಲೀನ ಜಾನಪದ ವಿಭಾಗದಲ್ಲಿ! ಪ್ರಶಸ್ತಿ ನೀಡಿದವರಿಗೂ ಅವರನ್ನು ಎಲ್ಲಿ ಕೂರಿಸಬೇಕೆಂಬುದು ಇತ್ಯರ್ಥವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

2014ರಲ್ಲಿ ಅವರು ಹೈವೇ 20 ಎಂಬ ಸ್ವಂತ ಸಂಸ್ಥೆಯಿಂದ ಜೋಡಿ ಮುದ್ರಿಕೆಯನ್ನು ಹೊರತಂದರು. ಅದರ ಮೊದಲ ಗೀತೆಗೆ ತಂದೆಯ ಕವಿತೆಯೇ ಆಧಾರ. 2020ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಗಿಟಾರ್ ನುಡಿಸುವುದು ದುಸ್ಸಾಧ್ಯವಾದ ಮೇಲೂ, ಇತರರೊಡನೆ ಸೇರಿ ಗೀತೆಗಳನ್ನು ರಚಿಸಿ 2023ರಲ್ಲಿ ಮತ್ತೊಂದು ಮುದ್ರಿಕೆಯನ್ನು ನೀಡಿದರು. ಸ್ವಾತಂತ್ರ್ಯವೆಂದರೆ ಒಂಟಿತನವಲ್ಲವೆಂಬುದನ್ನು ಇದು ತೋರಿಸುತ್ತದೆ.

ಹೀಗಿರುವಾಗ ವಿಲಿಯಮ್ಸ್ 'ಆಲ್ಟರ್ನೇಟಿವ್ ಕಂಟ್ರಿ'ಯನ್ನು ಅನುಸರಿಸಿದರೆಂದು ಬರೆಯುವುದು ಕಾಲಕ್ರಮಕ್ಕೆ ವಿರುದ್ಧ. ಪೇಟೆಯಲ್ಲಿ ಸ್ಥಳವಿಲ್ಲದಿದ್ದಾಗಲೇ ಅವರು ಹಾಡಿದರು. ಅಂಥವರ ಹಾಡುಗಳು ಕೂಡಿದ ಬಳಿಕ ಸ್ಥಳಕ್ಕೊಂದು ಹೆಸರಾಯಿತು. ಹೆಸರನ್ನು ಕಾರಣವೆಂದು ಭಾವಿಸುವ ಇತಿಹಾಸವು, ಹೆಸರಿಲ್ಲದ ಆ ಎಂಟು ವರ್ಷಗಳನ್ನು ಕಾಣದೆ ಹೋಗುತ್ತದೆ.