ಕಡತ ಕಾಯುವ ಕಿರುಪದಗಳು

ಕಡತ ಎಂಬ ಶಬ್ದ ನಮ್ಮಲ್ಲಿ ಹಳೆಯದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಕರಿಯ ಪುಸ್ತಕಕ್ಕೆ ಆ ಹೆಸರಿತ್ತು. ಲೆಕ್ಕಪತ್ರಗಳನ್ನು ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಆದ್ದರಿಂದ ಕಡತವನ್ನು ಇಟ್ಟುಕೊಂಡವನ ಮೇಲೆ ಎರಡು ಹೊಣೆಗಳಿದ್ದವು: ಬೇಕಾದುದನ್ನು ಕಾಪಾಡುವುದು, ಬೇಡವಾದುದನ್ನು ಅಳಿಸುವುದು.

ಇಂದು ಅದೇ ಶಬ್ದವನ್ನು ಗಣಕಯಂತ್ರದಲ್ಲಿ ಕೂಡಿಟ್ಟ ಬರಹಕ್ಕೂ ಬಳಸುತ್ತೇವೆ. ಈ ಹೊಸ ಕಡತಗಳನ್ನು ಎಣಿಸಲು, ಸರಿಸಲು, ಹುಡುಕಲು, ಹೋಲಿಸಲು, ಅಳಿಸಲು ಒಂದೊಂದು ಸಾಲಿನ ಅಪ್ಪಣೆಗಳಿವೆ. ಅಲ್ಲಿ ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ. ಕೀಲಿಮಣೆಯಲ್ಲಿ ಎರಡು ಮೂರು ಅಕ್ಷರಗಳ ಪದವೊಂದನ್ನು ಬರೆದರೆ ಕೆಲಸ ನಡೆದುಹೋಗುತ್ತದೆ. ಗ್ರಂಥಸಂಪಾದನೆಯ ಪಾಠ ಹೇಳಿದ ನನ್ನಂಥವನು ಈ ವಿಷಯವನ್ನು ಎತ್ತಿಕೊಂಡದ್ದಕ್ಕೆ ಕಾರಣವುಂಟು. ಈ ಅಪ್ಪಣೆಗಳ ಹುಟ್ಟಿನಲ್ಲಿ ಬರಹವನ್ನು ನೋಡಿಕೊಳ್ಳುವ ಅಗತ್ಯಕ್ಕೆ ದೊಡ್ಡ ಪಾಲಿದೆ; ಅವುಗಳ ಚರಿತ್ರೆ ಹೆಜ್ಜೆಹೆಜ್ಜೆಗೂ ಸಾಹಿತ್ಯದ ವಿದ್ಯಾರ್ಥಿಗೆ ಪರಿಚಿತವಾದ ಪ್ರಶ್ನೆಗಳನ್ನು ಮುಟ್ಟುತ್ತದೆ.

ಮೊದಮೊದಲು ಗಣಕದೊಡನೆ ಮನುಷ್ಯ ನೇರವಾಗಿ ಮಾತನಾಡುವಂತಿರಲಿಲ್ಲ. ರಂಧ್ರ ಕೊರೆದ ಕಾಗದದ ಕಾರ್ಡುಗಳ ಕಟ್ಟನ್ನು ಯಂತ್ರದ ಮೇಲ್ವಿಚಾರಕನಿಗೆ ಒಪ್ಪಿಸಿ, ಫಲಿತಾಂಶಕ್ಕಾಗಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುತ್ತ, ತಮ್ಮ ತಮ್ಮ ಕೀಲಿಮಣೆಯಿಂದ ಅಪ್ಪಣೆ ಕೊಟ್ಟು ಉತ್ತರ ಪಡೆಯುವ ಏರ್ಪಾಟನ್ನು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೋರ್ಬಟೋ ಮತ್ತು ಸಂಗಡಿಗರು 1961ರಲ್ಲಿ ತೋರಿಸಿಕೊಟ್ಟರು. ಅದರ ಮುಂದುವರಿಕೆಯಾಗಿ ಮಲ್ಟಿಕ್ಸ್ ಎಂಬ ಭಾರಿ ಯೋಜನೆಯೊಂದು ಆರಂಭವಾಯಿತು. ಬೆಲ್ ಪ್ರಯೋಗಾಲಯವು ಅದರಲ್ಲಿ ಪಾಲುದಾರನಾಗಿದ್ದು 1969ರಲ್ಲಿ ಹಿಂದೆ ಸರಿಯಿತು. ಆಗ ಆ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ, ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ, ಹೆಚ್ಚು ಬಳಕೆಯಿಲ್ಲದೆ ಬಿದ್ದಿದ್ದ ಪಿಡಿಪಿ-7 ಎಂಬ ಚಿಕ್ಕ ಯಂತ್ರದ ಮೇಲೆ ತಮ್ಮದೇ ಆದ ಪುಟ್ಟ ವ್ಯವಸ್ಥೆಯನ್ನು ಕಟ್ಟಿಕೊಂಡರು. ಅದೇ ಯೂನಿಕ್ಸ್.

ಅವರ ಮುಂದಿದ್ದುದು ಗಾಜಿನ ಪರದೆಯಲ್ಲ, ಟೆಲಿಟೈಪ್ ಎಂಬ ಸದ್ದಿನ ಬೆರಳಚ್ಚು ಯಂತ್ರ. ಸೆಕೆಂಡಿಗೆ 10 ಅಕ್ಷರ ಅದರ ವೇಗ. ಒತ್ತಿದ ಒಂದೊಂದು ಕೀಲಿಯೂ ಬೆರಳಿಗೆ ಶ್ರಮ, ಮುದ್ರಿಸಿದ ಒಂದೊಂದು ಅಕ್ಷರವೂ ಕಾಲಹರಣ. ಹೀಗಾಗಿ ಅಪ್ಪಣೆಗಳೂ ಸೂತ್ರಪ್ರಾಯವಾದವು. ಪಟ್ಟಿ ಕೊಡು ಎನ್ನುವುದಕ್ಕೆ ಎಲ್‌ಎಸ್, ಪ್ರತಿಮಾಡು ಎನ್ನುವುದಕ್ಕೆ ಸಿಪಿ, ಸರಿಸು ಎನ್ನುವುದಕ್ಕೆ ಎಂವಿ, ತೆಗೆದುಹಾಕು ಎನ್ನುವುದಕ್ಕೆ ಆರ್‌ಎಂ. ದೊಡ್ಡದೊಂದು ಯಂತ್ರ ದೊರೆತ ಮೇಲೆ 1971ರಲ್ಲಿ ಅದಕ್ಕೆ ಮೊದಲ ಗಿರಾಕಿಯಾದುದು ಪ್ರಯೋಗಾಲಯದ ಪೇಟೆಂಟ್ ವಿಭಾಗ. ಅಲ್ಲಿನ ಬೆರಳಚ್ಚುಗಾರರು ತಮ್ಮ ಅರ್ಜಿಗಳನ್ನು ಅದರಲ್ಲಿ ಬರೆದು, ತಿದ್ದಿ, ಅಚ್ಚುಕಟ್ಟಾಗಿ ಮುದ್ರಿಸಿಕೊಳ್ಳತೊಡಗಿದರು. ಅದೇ ವರ್ಷ ನವೆಂಬರ್ 3ರ ದಿನಾಂಕ ಹೊತ್ತ ಮೊದಲ ಕೈಪಿಡಿಯಲ್ಲಿ ಮೇಲೆ ಹೇಳಿದ ನಾಲ್ಕು ಅಪ್ಪಣೆಗಳೂ ಇವೆ. ಅವು ಇಂದಿಗೂ ಅದೇ ಹೆಸರಿನಿಂದ ಅದೇ ಕೆಲಸ ಮಾಡುತ್ತಿವೆ.

ಇವುಗಳಲ್ಲಿ ಆರ್‌ಎಂ ಎಂಬುದರ ಸ್ವಭಾವವನ್ನು ಗಮನಿಸಬೇಕು. ಯೂನಿಕ್ಸಿನಲ್ಲಿ ಕಡತದ ಹೆಸರು ಬೇರೆ, ಒಡಲು ಬೇರೆ. ಒಂದೇ ಒಡಲಿಗೆ ಎರಡು ಮೂರು ಹೆಸರುಗಳಿರಬಹುದು. ಆರ್‌ಎಂ ಅಳಿಸುವುದು ಹೆಸರನ್ನು ಮಾತ್ರ. ಕೊನೆಯ ಹೆಸರೂ ಹೋದಾಗ ಒಡಲಿನ ಜಾಗ ತೆರವಾಗುತ್ತದೆ, ಅದರ ಮೇಲೆ ಬೇರೆ ಬರಹ ಬಂದು ಕೂರುತ್ತದೆ. ಸಾಮಾನ್ಯವಾಗಿ ಅದು ‘ನಿಜವಾಗಿಯೂ ಅಳಿಸಲೇ?’ ಎಂದು ಕೇಳುವುದಿಲ್ಲ. ಅಪ್ಪಣೆ ಕೊಟ್ಟವನು ತಿಳಿದೇ ಕೊಟ್ಟಿದ್ದಾನೆಂಬ ನಂಬಿಕೆಯ ಮೇಲೆ ನಿಂತ ಏರ್ಪಾಟು ಅದು. ಅದರ ಗೌರವವೂ ಅಪಾಯವೂ ಇರುವುದು ಅಲ್ಲಿಯೇ.

ಈ ಬಿಡಿ ಅಪ್ಪಣೆಗಳನ್ನು ಒಂದಕ್ಕೊಂದು ಕೂಡಿಸಿದ್ದು ಡಗ್ಲಸ್ ಮೆಕಿಲ್ರಾಯ್ ಅವರ ಕಲ್ಪನೆ. ತೋಟದ ನೀರಿನ ಕೊಳವೆಗಳನ್ನು ಜೋಡಿಸುವಂತೆ ಕ್ರಮವಿಧಿಗಳನ್ನೂ ಜೋಡಿಸುವಂತಾಗಬೇಕೆಂದು ಅವರು 1964ರ ಅಕ್ಟೋಬರಿನಲ್ಲಿಯೇ ಟಿಪ್ಪಣಿಯೊಂದನ್ನು ಬರೆದಿಟ್ಟಿದ್ದರು. ಅದು ಕೈಗೂಡಿದ್ದು 1973ರ ಆರಂಭದಲ್ಲಿ. ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಯೂನಿಕ್ಸಿಗೆ ಅಳವಡಿಸಿದರು. ಇದರ ಉಪಯೋಗ ಏನೆಂದು ಕೇಳುವಿರಾದರೆ, ಪದಪ್ರಯೋಗಕೋಶಕ್ಕಾಗಿ ಚೀಟಿ ಬರೆದವರನ್ನು ನೆನೆದುಕೊಳ್ಳಿ. ಒಂದು ಸಲಕರಣೆ ಗ್ರಂಥದ ಪದಗಳನ್ನು ಸಾಲಿಗೊಂದರಂತೆ ಬಿಡಿಸುತ್ತದೆ. ಎರಡನೆಯದು ಅವನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಮೂರನೆಯದು ಒಂದೊಂದು ಪದ ಎಷ್ಟು ಬಾರಿ ಬಂದಿದೆಯೆಂದು ಎಣಿಸುತ್ತದೆ. ನಾಲ್ಕನೆಯದು ಹೆಚ್ಚು ಬಂದುದನ್ನು ಮೇಲಕ್ಕೆ ತರುತ್ತದೆ. ಯಾವುದಕ್ಕೂ ಪಕ್ಕದ್ದರ ಒಳಗುಟ್ಟು ಗೊತ್ತಿಲ್ಲ. ಅವುಗಳ ನಡುವೆ ಹರಿಯುವುದು ಸಾಲುಸಾಲಾದ ಸಾದಾ ಬರಹವೊಂದೇ. ಆ ಬರಹವೇ ಅವುಗಳ ಸಾಮಾನ್ಯ ಭಾಷೆ.

ಗ್ರೆಪ್ ಎಂಬ ಹುಡುಕುವ ಅಪ್ಪಣೆಯ ಜನ್ಮಕಥೆ ಇನ್ನೂ ಸ್ವಾರಸ್ಯವಾದುದು. ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ 1787-88ರಲ್ಲಿ ಪಬ್ಲಿಯಸ್ ಎಂಬ ಒಂದೇ ಅಂಕಿತದಲ್ಲಿ 85 ಪ್ರಬಂಧಗಳು ಪ್ರಕಟವಾದವು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಎಂಬ ಮೂವರು. ಅವುಗಳಲ್ಲಿ 12 ಪ್ರಬಂಧಗಳು ಹ್ಯಾಮಿಲ್ಟನ್ನನವೋ ಮ್ಯಾಡಿಸನ್ನನವೋ ಎಂಬ ವಿವಾದ ಬಹುಕಾಲ ಉಳಿದಿತ್ತು. ಕವಿರಾಜಮಾರ್ಗದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂದು ಚರ್ಚಿಸಿದ ನಮಗೆ ಈ ಬಗೆಯ ತೊಡಕು ಹೊಸದೇನಲ್ಲ. ಮಾಸ್ಟೆಲರ್ ಮತ್ತು ವಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ಸಣ್ಣಪುಟ್ಟ ಪದಗಳನ್ನು ಎಣಿಸಿ ಇದಕ್ಕೆ ಉತ್ತರ ಕಂಡುಕೊಂಡರು. ‘ಅಪಾನ್’ ಎಂಬ ಇಂಗ್ಲಿಷ್ ಪದವನ್ನು ಹ್ಯಾಮಿಲ್ಟನ್ ಸಾವಿರ ಪದಗಳಿಗೆ ಸುಮಾರು ಮೂರು ಬಾರಿ ಬಳಸಿದರೆ, ಮ್ಯಾಡಿಸನ್ ಬಳಸುವುದು ಅತ್ಯಪರೂಪ. ಹನ್ನೆರಡೂ ಮ್ಯಾಡಿಸನ್ನನವೇ ಎಂಬತ್ತ ಅವರ ತೀರ್ಮಾನ ವಾಲಿತು.

ಬೆಲ್ ಪ್ರಯೋಗಾಲಯದ ಲೀ ಮೆಕ್‌ಮಹನ್ ಅವರಿಗೂ ಇದೇ ಪ್ರಬಂಧಗಳಲ್ಲಿ ಆಸಕ್ತಿ. ಆದರೆ ಅವುಗಳ ಪಾಠ ಅಂದಿನ ಯಂತ್ರದ ತಿದ್ದುಪಡಿ ಸಾಧನದೊಳಗೆ ಹಿಡಿಸುತ್ತಿರಲಿಲ್ಲ. ಆಗ ಥಾಂಪ್ಸನ್ ಆ ಸಾಧನದಿಂದ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ಸ್ವತಂತ್ರ ಸಲಕರಣೆಯಾಗಿಸಿದರೆಂದು ಅವರ ಸಹೋದ್ಯೋಗಿ ಬ್ರಯನ್ ಕರ್ನಿಹನ್ ನೆನೆದಿದ್ದಾರೆ. ‘ಕಡತದ ಉದ್ದಕ್ಕೂ ಈ ಮಾದರಿಯನ್ನು ಹುಡುಕಿ ಮುದ್ರಿಸು’ ಎಂಬ ಹಳೆಯ ಸಾಧನದ ಸಂಕೇತಾಕ್ಷರಗಳೇ ಕೂಡಿ ಗ್ರೆಪ್ ಎಂಬ ಹೆಸರಾಯಿತು. 1973ರ ಕೈಪಿಡಿಯಲ್ಲಿ ಅದು ಕಾಣಿಸಿಕೊಂಡಿತು. ಇಂದು ಜಗತ್ತಿನ ತಂತ್ರಜ್ಞರೆಲ್ಲ ದಿನಬಳಕೆಯಲ್ಲಿ ಆಡುವ ಪದವೊಂದರ ಬೆನ್ನ ಹಿಂದೆ ಕರ್ತೃತ್ವ ನಿರ್ಣಯದ ಸಮಸ್ಯೆಯೊಂದಿದೆ.

ಇನ್ನು ಡಿಫ್. ಎರಡು ಕಡತಗಳನ್ನು ಸಾಲುಸಾಲಾಗಿ ಹೋಲಿಸಿ, ಎಲ್ಲಿ ಸೇರಿದೆ, ಎಲ್ಲಿ ಬಿಟ್ಟುಹೋಗಿದೆ, ಎಲ್ಲಿ ಬದಲಾಗಿದೆ ಎಂಬುದನ್ನು ಹೇಳುವುದು ಅದರ ಕೆಲಸ. ಅದರ ವಿಧಾನವನ್ನು ಹಂಟ್ ಮತ್ತು ಮೆಕಿಲ್ರಾಯ್ 1976ರಲ್ಲಿ ಬರೆದು ಪ್ರಕಟಿಸಿದರು. ಎರಡು ಓಲೆಗರಿ ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಒಬ್ಬರು ಓದುತ್ತ ಒಬ್ಬರು ಗುರುತು ಹಾಕುತ್ತ ಪಾಠಾಂತರಗಳನ್ನು ದಾಖಲಿಸುವ ನಮ್ಮ ಪದ್ಧತಿಗೆ ಇದು ತೀರ ಹತ್ತಿರದ್ದು. ಆದರೆ ಡಿಫ್ ಭೇದವನ್ನು ಮಾತ್ರ ತೋರಿಸಬಲ್ಲುದು. ಯಾವುದು ಶುದ್ಧಪಾಠ, ಯಾವುದು ಲಿಪಿಕಾರನ ಸ್ಖಾಲಿತ್ಯ ಎಂಬ ವಿವೇಕ ಸಂಪಾದಕನಿಗೇ ಬಿಟ್ಟದ್ದು.

ಇವೆಲ್ಲ ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳಿಗಾಗಿ. ಅಂದಿನ ಸಂಕೇತಪಟ್ಟಿಯಲ್ಲಿದ್ದುದು 128 ಸ್ಥಾನಗಳಷ್ಟೇ. ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ. 1991ರಲ್ಲಿ ಹೊರಬಂದ ಯೂನಿಕೋಡ್ ಕನ್ನಡಕ್ಕೇ 128 ಸ್ಥಾನಗಳ ಪ್ರತ್ಯೇಕ ಮನೆಯೊಂದನ್ನು ಕೊಟ್ಟಿತು. ಆದರೆ ಹಳೆಯ ಸಲಕರಣೆಗಳನ್ನು ಕೆಡಿಸದೆ ಲೋಕದ ಲಿಪಿಗಳನ್ನೆಲ್ಲ ಅವುಗಳೊಳಗೆ ಹರಿಸುವುದು ಹೇಗೆ? 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಉಪಾಹಾರಗೃಹವೊಂದರಲ್ಲಿ, ಮೇಜಿನ ಮೇಲೆ ಹಾಸಿದ್ದ ಕಾಗದದಲ್ಲಿ, ಇದಕ್ಕೊಂದು ಹಂಚಿಕೆಯನ್ನು ಗೀಚಿದವರು ಅದೇ ಕೆನ್ ಥಾಂಪ್ಸನ್. ಜೊತೆಗಿದ್ದವರು ರಾಬ್ ಪೈಕ್. ಯುಟಿಎಫ್-8 ಎಂಬ ಆ ಹಂಚಿಕೆಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು. ನಾವು ಒಂದೇ ಅಕ್ಷರವೆಂದು ಓದುವ ‘ಕ್ಷ’ ಅಲ್ಲಿ ಮೂರು ಸಂಕೇತ, ಒಂಬತ್ತು ಬೈಟು. ದುಬಾರಿ ಎನಿಸಬಹುದು, ಆದರೆ ಕನ್ನಡ ಕಡತದಲ್ಲಿ ಕನ್ನಡ ಪದವನ್ನೇ ಹುಡುಕುವಂತಾದುದು ಇದರಿಂದಲೇ.

ಒಂದು ಎಚ್ಚರಿಕೆ ಬೇಕು. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಮುಂದೊಂದಿಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗ್ರೆಪ್‌ಗೆ ಬೇರೆ ಬೇರೆ. ಇದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿದೆ. ಯೂನಿಕೋಡ್ ನಮ್ಮಲ್ಲಿ ರೂಢಿಗೆ ಬರುವ ಮೊದಲು ಅಸಂಖ್ಯ ಕನ್ನಡ ಪುಸ್ತಕಗಳನ್ನು ಆಯಾ ಫಾಂಟಿಗೇ ಅಂಟಿದ ಸಂಕೇತಗಳಲ್ಲಿ ಬೆರಳಚ್ಚಿಸಿದ್ದೇವೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಬರಹ ಅಳಿದಿಲ್ಲ, ಓದಲು ಬಾರದು. ಯಾವ ಸಲಕರಣೆಯೂ ಅದರಲ್ಲಿ ಒಂದು ಪದವನ್ನು ಹುಡುಕಿಕೊಡದು. ಪರಿವರ್ತನೆಯ ಉಪಾಯಗಳು ಈಗ ಇವೆ. ಅವನ್ನು ಬಳಸಿ, ಒತ್ತಕ್ಷರಗಳು ಕೆಟ್ಟಿವೆಯೇ ಎಂದು ಕರಡಚ್ಚಿನಂತೆ ತಿದ್ದಿ, ಸಾದಾ ಬರಹವಾಗಿ, ಒಂದಕ್ಕಿಂತ ಹೆಚ್ಚು ಕಡೆ ಪ್ರತಿಯಿಟ್ಟು ಉಳಿಸಿಕೊಳ್ಳುವ ಕೆಲಸ ಬಾಕಿಯಿದೆ.

ಓಲೆಗರಿಯ ಕಾಲದಲ್ಲಿ ಗ್ರಂಥ ಉಳಿದದ್ದು ಮತ್ತೆ ಮತ್ತೆ ಪ್ರತಿಮಾಡಿದವರಿಂದ. ಈ ಹೊಸ ಕಡತಗಳ ಮಾತೂ ಅಷ್ಟೇ. ಪ್ರತಿಮಾಡುವ, ಹೋಲಿಸುವ, ಹುಡುಕುವ ಕಿರುಪದಗಳು ಐವತ್ತು ವರ್ಷಗಳಿಂದ ಸಿದ್ಧವಾಗಿ ನಿಂತಿವೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಸಾರಿದ ಗ್ನೂ ಯೋಜನೆಯಿಂದ ಅವು ಎಲ್ಲರಿಗೂ ಮುಕ್ತವಾಗಿ ದೊರೆಯುವಂತಾಗಿವೆ. ಅಪ್ಪಣೆ ಕೊಡುವವರು ನಾವಾಗಬೇಕು.