ರೂಪಾಯಿಯ ನಾದದಿಂದ ಹೆಡ್‌ಫೋನಿನವರೆಗೆ

ನಮ್ಮ ಕರಾವಳಿಯ ಪೇಟೆಗಳಲ್ಲಿ ಬೆಳ್ಳಿ ರೂಪಾಯಿಯನ್ನು ಬರೀ ಕಣ್ಣಿನಿಂದ ನೋಡಿ ಒಪ್ಪಿಕೊಳ್ಳುತ್ತಿರಲಿಲ್ಲ. ಕಲ್ಲಿನ ಮೇಲೆ ಬೀಳಿಸಿ, ನಾದ ಕೇಳಿ, ಸಮಾಧಾನವಾದ ಮೇಲೆ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ಬೈಂದೂರಿನಲ್ಲಿ ನನ್ನ ಅಜ್ಜನದು ಜೀನಸು ಅಂಗಡಿ. ಅಕ್ಕಿ, ಬೆಲ್ಲ, ಒಣಮೀನು, ಚಿಮಣಿ ಎಣ್ಣೆ ಎಲ್ಲ ಸಿಗುತ್ತಿದ್ದ ಆ ಅಂಗಡಿಯ ಪೆಟ್ಟಿಗೆಯ ಪಕ್ಕದಲ್ಲಿ ಅಂಗೈ ಅಗಲದ ಕರಿಕಲ್ಲು ಒಂದಿತ್ತು. ಅದರ ಮೇಲೆ ಬಿದ್ದ ರೂಪಾಯಿ ‘ಟಣ್’ ಎಂದು ಎಳೆದು ಕೂಗಬೇಕು. ‘ಟಪ್’ ಎಂದರೆ ಗಿರಾಕಿಗೆ ವಾಪಸು.

1835ರಲ್ಲಿ ಕಂಪನಿ ಸರಕಾರ ಇಡೀ ದೇಶಕ್ಕೆ ಒಂದೇ ತೂಕದ ರೂಪಾಯಿ ಮಾಡಿತು. ತೂಕ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನೂರು ವರ್ಷ ಜನರ ಕಿವಿ ಈ ಬೆಳ್ಳಿಗೇ ಶ್ರುತಿಯಾಗಿತ್ತು. ಎರಡನೇ ಮಹಾಯುದ್ಧದ ನಡುವೆ, 1940ರಲ್ಲಿ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು; 1947ಕ್ಕೆ ರೂಪಾಯಿ ಪೂರ್ತಿ ನಿಕ್ಕಲ್ ಆಯಿತು. ಅಲ್ಲಿಗೆ ಅಜ್ಜನ ಕರಿಕಲ್ಲಿಗೆ ಕೆಲಸ ತಪ್ಪಿತು. ಆದರೂ ಅವರು ಅದನ್ನು ಎಸೆಯಲಿಲ್ಲ. ಸಂಜೆ ಹೊತ್ತು ನನ್ನನ್ನು ಕೂರಿಸಿಕೊಂಡು ಹಳೆಯ ರೂಪಾಯಿ ಒಂದು, ಹೊಸತು ಒಂದು ಬೀಳಿಸಿ, “ಯಾವ್ದ್ ಯಾವ್ದ್ ಹೇಳ್ ಕಾಂಬ” ಎನ್ನುತ್ತಿದ್ದರು. ನಾನು ಮುಂದೆ ರೇಡಿಯೋ ರಿಪೇರಿ ಕಲಿತದ್ದು, ಮೈಕ್ ಸೆಟ್ಟು, ಆಂಪ್ಲಿಫಯರು, ಹೆಡ್‌ಫೋನು ಎಂದು ಜೀವನವಿಡೀ ಸದ್ದಿನ ಜೊತೆಯೇ ಕಳೆದದ್ದು ಆ ಕಲ್ಲಿನಿಂದಾಗಿಯೇ ಎಂದು ನಾನು ನಂಬಿದ್ದೇನೆ.

ಈ ವಿದ್ಯೆ ಅಜ್ಜನಿಗಿಂತ ಬಹಳ ಹಳೆಯದು. ಬೈಂದೂರಿನಿಂದ ತೆಂಕಲಾಗಿ ಹೋದರೆ ವಾರಾಹಿ ಹೊಳೆಯ ದಂಡೆಯ ಬಸ್ರೂರು, ಇನ್ನೂ ಮುಂದೆ ಸೀತಾ ನದಿಯ ಹತ್ತಿರದ ಬಾರ್ಕೂರು. ಬಾರ್ಕೂರು ಆಳುಪರ ರಾಜಧಾನಿಯಾಗಿದ್ದ ಊರು. ವಿಜಯನಗರದವರ ಕಾಲದಲ್ಲಿ ಬಾರಕೂರು ರಾಜ್ಯದ ಕೇಂದ್ರ. ಆಳುಪರ ಚಿನ್ನದ ನಾಣ್ಯಗಳ ಮೇಲೆ ಜೋಡಿ ಮೀನು, ಜೊತೆಗೆ ‘ಪಾಂಡ್ಯ ಧನಂಜಯ’ ಎಂಬ ಬಿರುದು. ವಿಜಯನಗರ ಕಾಲದ ನಮ್ಮ ಕಡೆಯ ಶಾಸನಗಳಲ್ಲಿ ದಾನದ ಮೊತ್ತ ಹೇಳುವಾಗ ಬರೀ ಗದ್ಯಾಣ ಎಂದು ಬಿಡದೆ ಬಾರಕೂರ ಗದ್ಯಾಣ ಎಂದು ಬರೆದದ್ದುಂಟು. ಊರೂರಿನ ಟಂಕಸಾಲೆಯ ತೂಕ, ಚೊಕ್ಕತನ ಬೇರೆಬೇರೆ ಇದ್ದಾಗ ಯಾವ ಊರಿನ ಹೊನ್ನು ಎಂದು ಹೇಳದಿದ್ದರೆ ಲೆಕ್ಕ ಕೂಡುವುದಿಲ್ಲ. ಆ ವ್ಯತ್ಯಾಸ ಅಳೆದು ಬದಲಾಯಿಸಿ ಕೊಡುತ್ತಿದ್ದವರು ಚಿನಿವಾರರು. ಅವರ ಬಳಿ ಒರೆಗಲ್ಲು, ತಕ್ಕಡಿ ಇರುತ್ತಿತ್ತು. ಅವೆರಡಕ್ಕಿಂತ ಮುಂಚೆ ಕಿವಿ ಇತ್ತು.

1443ರಲ್ಲಿ ಪರ್ಷಿಯಾದಿಂದ ಬಂದು ಮಂಗಳೂರಿನ ಮೂಲಕ ವಿಜಯನಗರಕ್ಕೆ ಹೋದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ನಾಣ್ಯಗಳನ್ನು ಬಿಡಿಸಿ ಬರೆದಿದ್ದಾನೆ. ಚಿನ್ನದ ವರಾಹ, ಅದರರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ. ಬೆಳ್ಳಿಯ ತಾರ, ತಾಮ್ರದ ಜೀತಲ. ವರಾಹದ ತೂಕ ಸುಮಾರು 3.4 ಗ್ರಾಂ. ಹಣವಂತೂ ಅರ್ಧ ಗ್ರಾಮಿಗೂ ಕಡಿಮೆ, ಉಗುರಿನ ಸಂದಿಯಲ್ಲಿ ಕಳೆದುಹೋಗುವಷ್ಟು ಸಣ್ಣದು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಮಣ್ಣಿನಡಿಯ ನಾಣ್ಯ ಹುಡುಕುವ ಯಂತ್ರ ಹಿಡಿದು ನನ್ನ ಅಂಗಡಿಗೆ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಇದೇ ಹಣದ ಕತೆ.

ಕುವೈತಿನಿಂದ ರಜೆಗೆ ಬಂದ ಹುಡುಗನೊಬ್ಬ ಈಚೆಗೆ ಲೋಹಶೋಧಕ ಯಂತ್ರ, ಅದರ ಹೆಡ್‌ಫೋನು ತಂದು ಮೇಜಿನ ಮೇಲಿಟ್ಟ. “ಹ್ವಾಯ್, ಒಂದ್ ಕೆಮಿಗ್ ಕೇಂತಿಲ್ಲ, ಒಂಚೂರ್ ಕಾಣಿ” ಎಂದ. ಹೆಡ್‌ಫೋನು ಕೆಟ್ಟಿರಲಿಲ್ಲ. ಯಂತ್ರದ ಸಾಕೆಟ್ ಮೋನೊ, ಹೆಡ್‌ಫೋನಿನ ಜ್ಯಾಕ್ ಸ್ಟೀರಿಯೊ. ಎರಡೂ ಕಿವಿಯ ತಂತಿಗಳನ್ನು ಜ್ಯಾಕಿನ ತುದಿಯಲ್ಲಿ ಸೇರಿಸಿ ಬೆಸೆದುಕೊಟ್ಟೆ. ಎಲ್ಲಿಗೆ ಹೊರಟೆ ಎಂದು ಕೇಳಿದರೆ, “ಬಸ್ರೂರ್ ಬದಿಗ್ ಹೋಯ್ಕ್ ಅಂತಿದ್ದೆ” ಎಂದ. ಕೆಲಸ ಮುಗಿದ ಮೇಲೂ ಅವನನ್ನು ಕೂರಿಸಿಕೊಂಡು ಮಾತಾಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೈಯೊಳಗೋ ಮಣ್ಣೊಳಗೋ ಅಡಗಿದ ಲೋಹವನ್ನು ವಿದ್ಯುತ್ತಿನಿಂದ ಹುಡುಕಿ ಕಿವಿಯಲ್ಲಿ ಕೇಳುವ ಪ್ರಯತ್ನಗಳಲ್ಲಿ ಹೆಸರಾದದ್ದು 1881ರದು. ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಜುಲೈ 2ರಂದು ಗುಂಡು ಬಿತ್ತು. ಒಳಗುಳಿದ ಗುಂಡು ಎಲ್ಲಿದೆ ಎಂದು ಡಾಕ್ಟರುಗಳಿಗೆ ತಿಳಿಯಲಿಲ್ಲ. ಟೆಲಿಫೋನಿನ ಗ್ರಹಾಂ ಬೆಲ್ ಸುರುಳಿಗಳ ಸಾಧನ ಒಂದನ್ನು ಕಟ್ಟಿ, ಟೆಲಿಫೋನಿನ ರಿಸೀವರನ್ನು ಕಿವಿಗೆ ಹಿಡಿದು ರೋಗಿಯ ಮೈಮೇಲೆ ಆಡಿಸಿದ. ಹಾಸಿಗೆಯಲ್ಲಿದ್ದ ಉಕ್ಕಿನ ತಂತಿಗಳೂ ಸದ್ದು ಮಾಡಿದವು. ಗುಂಡು ಸಿಗಲಿಲ್ಲ, ಸೆಪ್ಟೆಂಬರಿನಲ್ಲಿ ಅಧ್ಯಕ್ಷ ತೀರಿಕೊಂಡ. ಯಂತ್ರ ಸರಿಯಾಗಿಯೇ ಕೇಳಿಸಿತ್ತು. ಸುತ್ತ ಬೇರೆ ಏನಿದೆ ಎಂಬುದನ್ನು ಯಂತ್ರ ಹೇಳುವುದಿಲ್ಲ. ಎರಡೂ ಕಿವಿಗೆ ತಲೆಪಟ್ಟಿಯ ಹೆಡ್‌ಫೋನು 1910ರ ಹೊತ್ತಿಗೆ ಅಮೆರಿಕದ ನೇಥನಿಯಲ್ ಬಾಲ್ಡ್‌ವಿನ್ ಮಾಡಿದ್ದು. ಕೊಂಡದ್ದು ಅಲ್ಲಿನ ನೌಕಾಪಡೆ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ನೆಲಬಾಂಬು ಹುಡುಕುವ ಯಂತ್ರ ರೂಪಿಸಿದ. 1942ರಲ್ಲಿ ಈಜಿಪ್ಟಿನ ಎಲ್ ಅಲಮೇನ್ ಮರಳಿನಲ್ಲಿ ಸೈನಿಕರು ಅದರ ಹೆಡ್‌ಫೋನು ತೊಟ್ಟು ಹೆಜ್ಜೆ ಇಟ್ಟರು. ಅವರ ಜೀವ ನಿಂತಿದ್ದದ್ದು ಕಿವಿಯಲ್ಲಿ.

ಇನ್ನು ನಮ್ಮ ನೆಲದ ಮಾತು. 1801ರ ಆರಂಭದಲ್ಲಿ ಕುಂದಾಪುರ, ಬೈಂದೂರಿನ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಸ್ವಲ್ಪ ಮೊದಲು ಮಲಬಾರಿನ ಅಂಗಾಡಿಪುರದಲ್ಲಿ ನಮ್ಮ ಮುರಕಲ್ಲನ್ನು ಕಂಡು, ತನ್ನ 1807ರ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಈ ಕಲ್ಲು ಕೆಂಪಾಗಿರುವುದೇ ಕಬ್ಬಿಣದಿಂದ. ಆದ್ದರಿಂದ ನಮ್ಮ ಗುಡ್ಡಗಳ ಮೇಲೆ ಯಂತ್ರ ಹಿಡಿದರೆ ನೆಲವೇ ಗುನುಗುತ್ತದೆ. ಕಡಲತೀರದಲ್ಲಿ ಇನ್ನೊಂದು ತೊಡಕು: ಉಪ್ಪುನೀರು ಕುಡಿದ ಮರಳಲ್ಲಿ ವಿದ್ಯುತ್ತು ಹರಿಯುತ್ತದೆ, ಅಲೆ ಬಂದುಹೋದಾಗಲೆಲ್ಲ ಹುಸಿ ಸದ್ದು. ಇವನ್ನೆಲ್ಲ ಬೇರ್ಪಡಿಸಿ ಕೇಳಬೇಕಾದ ಕಿವಿಗೆ ಹೆಡ್‌ಫೋನು ಅಲಂಕಾರವಲ್ಲ.

ಬೈಂದೂರಿನ ಸೋಮೇಶ್ವರ ಕಡಲತೀರದ ಮೊರೆತದಲ್ಲಿ ಕಿವಿಯ ಮೇಲೆ ಸುಮ್ಮನೆ ಕೂರುವ ಬಗೆಯದು ಪ್ರಯೋಜನಕ್ಕೆ ಬಾರದು. ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತೆಯದು ಬೇಕು. ತಲೆಪಟ್ಟಿ ಹೆಚ್ಚು ಬಿಗಿಯಾದರೆ ನಮ್ಮ ಸೆಕೆಗೆ ಸ್ವಲ್ಪ ಹೊತ್ತಿನಲ್ಲೇ ಕಿವಿ ಬೆವರಿ ಕಿರಿಕಿರಿಯಾಗುತ್ತದೆ. ಬ್ಲೂಟೂತ್ ಬೇಡ ಎನ್ನುತ್ತೇನೆ. ಸದ್ದು ತುಸು ತಡವಾಗಿ ಬಂದರೂ ಅಷ್ಟರಲ್ಲಿ ಕೈಯಲ್ಲಿರುವ ಯಂತ್ರದ ಸುರುಳಿ ಮುಂದೆ ಹೋಗಿರುತ್ತದೆ, ಅಗೆಯುವ ಜಾಗ ತಪ್ಪುತ್ತದೆ. ತಂತಿಯದೇ ಒಳ್ಳೆಯದು, ಆದರೆ ಕಡಲಗಾಳಿಗೆ ಜ್ಯಾಕು ಕಿಲುಬು ಹಿಡಿಯುತ್ತದೆ; ಬಳಸಿದ ದಿನವೇ ಒರೆಸಿಡಬೇಕು.

ಹೊಂದಿಸುವ ಕ್ರಮ ಇನ್ನೂ ಮುಖ್ಯ. ಮನುಷ್ಯನ ಎರಡು ಕಿವಿ ಒಂದೇ ಸಮ ಕೇಳುವುದು ಅಪರೂಪ. ಆದ್ದರಿಂದ ಎಡಕ್ಕೆ, ಬಲಕ್ಕೆ ಬೇರೆಬೇರೆ ತಿರುಪು ಇರುವುದನ್ನೇ ಕೊಳ್ಳಿ. ಯಂತ್ರ ಹಚ್ಚಿ, ನಿಂತಲ್ಲೇ ನಿಂತು, ಅದರ ಸಣ್ಣ ಗುನುಗು ತಲೆಯ ನಟ್ಟನಡುವೆ ಕೇಳುವವರೆಗೆ ಎರಡನ್ನೂ ಸರಿಮಾಡಿ. ಈ ಗುನುಗಿಗೆ ತ್ರೆಶೋಲ್ಡ್ ಎನ್ನುತ್ತಾರೆ. ಅದನ್ನು ಇಳಿಸುತ್ತಾ ಹೋಗಿ, ಇನ್ನೇನು ಮರೆಯಾಗಬೇಕು ಎನ್ನುವಲ್ಲಿ ನಿಲ್ಲಿಸಬೇಕು. ಯಕ್ಷಗಾನದ ಮದ್ದಳೆಗಾರ ಚೌಕಿಯಲ್ಲಿ ಶ್ರುತಿ ಕೂಡಿಸುವಾಗಿನ ತಾಳ್ಮೆ ಇಲ್ಲಿಯೂ ಬೇಕು. ಆಳದಲ್ಲಿರುವ ವಸ್ತು ಜೋರಾಗಿ ಕೂಗುವುದಿಲ್ಲ. ಆ ಗುನುಗಿನಲ್ಲಿ ಒಂದು ಅಲುಗಾಟವಾಗಿ ಅಷ್ಟೇ ಬರುತ್ತದೆ. ಗುನುಗನ್ನು ಜೋರು ಇಟ್ಟವರಿಗೆ ಅದು ಕೇಳಿಸುವುದೇ ಇಲ್ಲ. ಮೇಲೆಯೇ ಬಿದ್ದಿರುವ ಕಬ್ಬಿಣದ ತುಂಡು ಕಿವಿ ಸೀಳುವಂತೆ ಕಿರುಚದಿರಲು ಸದ್ದಿಗೆ ಮಿತಿ ಹಾಕುವ ವ್ಯವಸ್ಥೆ ಇರುವ ಹೆಡ್‌ಫೋನೇ ಆಗಬೇಕು.

ಇಷ್ಟೆಲ್ಲ ಮಾಡಿದರೂ ಅರ್ಧ ಗ್ರಾಮಿಲ್ಲದ ಚಿನ್ನದ ಹಣಕ್ಕೂ ಗುಟ್ಕಾ ಪ್ಯಾಕೇಟಿನ ಬೇಗಡೆ ಚೂರಿಗೂ ಹೆಡ್‌ಫೋನಿನಲ್ಲಿ ಹೆಚ್ಚು ವ್ಯತ್ಯಾಸ ಕೇಳುವುದಿಲ್ಲ. ಪರ್ಷಿಯಾದ ಲಾರಿನ್ ಎಂಬ ನಾಣ್ಯ ಪಶ್ಚಿಮ ಕರಾವಳಿಯ ವ್ಯಾಪಾರದಲ್ಲಿ ಓಡಾಡಿದ್ದು. ಬೆಳ್ಳಿ ತಂತಿಯನ್ನು ಮಡಚಿ ಮಾಡಿದ ಅಂಥದ್ದು ಮುರುಕು ಸದ್ದಾಗಿ ಬಂದು ಮಾಯವಾದೀತು. ಚಿನಿವಾರನ ಕಿವಿ ಕೈಯಲ್ಲಿದ್ದ ನಾಣ್ಯದ ಸತ್ಯ ಹೇಳುತ್ತಿತ್ತು. ಹೆಡ್‌ಫೋನು ಹೇಳುವುದು ಇಲ್ಲೇನೋ ಇದೆ ಎಂದು ಮಾತ್ರ. ಅದೇನು ಎಂದು ತಿಳಿಯಲು ಅಗೆಯಬೇಕು. ಬಸ್ರೂರಿನಲ್ಲಿ, ಬಾರ್ಕೂರಿನಲ್ಲಿ ಅಗೆಯುವುದು ಎಂದರೆ ಮತ್ತೆ ಓದಲಾಗದಂತೆ ಒಂದು ಪುಟ ಹರಿದಂತೆ.

ಬಸ್ರೂರನ್ನು ಪೋರ್ಚುಗೀಸರು ಬಾರ್ಸೆಲೋರ್ ಎಂದರು. ಇಲ್ಲಿಯ ಅಕ್ಕಿಗಾಗಿ ಕೋಟೆ ಕಟ್ಟಿಕೊಂಡರು. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ಆ ಸಿರಿವಂತ ಪೇಟೆಯನ್ನು ಸೂರೆ ಮಾಡಿದ. ಬ್ಯಾಂಕಿಲ್ಲದ ಕಾಲದಲ್ಲಿ ದುಡ್ಡಿಗೆ ಮಣ್ಣೇ ಕಾವಲು. ಹೂತಿಟ್ಟ ಕುಡಿಕೆ ಯಾವ ಆಳದಲ್ಲಿತ್ತು, ಅದರ ಜೊತೆ ಯಾವ ಓಡಿನ ಚೂರು, ಯಾವ ದೇಶದ ಪಿಂಗಾಣಿ ಇತ್ತು ಎಂಬುದರಿಂದ ಆ ಮನೆಯ, ಆ ಕೇರಿಯ ಚರಿತ್ರೆ ಗೊತ್ತಾಗುತ್ತದೆ. ಕಿತ್ತು ತಂದ ನಾಣ್ಯಕ್ಕೆ ಬೆಲೆ ಉಳಿದೀತು, ಮಾತು ಉಳಿಯುವುದಿಲ್ಲ.

ಕಾನೂನೂ ಹಳೆಯದೇ. 1878ರ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ಬೆಲೆಯದು ಮಣ್ಣಿನಲ್ಲಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಲೇಬೇಕಿತ್ತು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ನಮ್ಮ ರಾಜ್ಯಕ್ಕೆ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಬಂತು. ನೂರು ವರ್ಷ ದಾಟಿದ ನಾಣ್ಯಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅನ್ವಯಿಸುತ್ತದೆ.

ಕುವೈತಿನ ಹುಡುಗ ಬಸ್ರೂರಿಗೆ ಹೋಗಲಿಲ್ಲ. ಸೋಮೇಶ್ವರದಲ್ಲಿ ಸ್ನಾನಕ್ಕಿಳಿದು ಉಂಗುರ ಕಳಕೊಂಡವರು ಯಾರಾದರೂ ಕರೆದರೆ ಹೋಗಿ ಹುಡುಕುತ್ತೇನೆ ಎಂದಿದ್ದಾನೆ. ಆ ಕೆಲಸಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ, ಅವನ ಹೆಡ್‌ಫೋನಿನ ರಿಪೇರಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಉಳಿದವರಲ್ಲಿ ಒಂದು ವಿನಂತಿ. ಬಾವಿ ತೋಡುವಾಗ, ಪಂಚಾಂಗ ಅಗೆಯುವಾಗ, ತೋಟದಲ್ಲಿ ಹೊಂಡ ತೆಗೆಯುವಾಗ ನಾಣ್ಯವೋ ಕುಡಿಕೆಯೋ ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಹುಣಸೆಹುಳಿ ಹಚ್ಚಿ ತಿಕ್ಕಬೇಡಿ, ಅಕ್ಕಸಾಲಿಗರ ಹತ್ತಿರ ಒಯ್ಯಬೇಡಿ. ಇದ್ದ ಜಾಗದಲ್ಲೇ ಒಂದು ಫೋಟೋ ತೆಗೆದು, ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ಅದೇ ದಿನ ತಿಳಿಸಿ.