ಬೆಳಕಿನ ಜಾಡು ಛಾಯಾಗ್ರಹಣ
ರಾತ್ರಿ ವೇಳೆ ಚಲಿಸುವ ವಾಹನಗಳ ದೀಪಗಳನ್ನು ಉದ್ದನೆಯ ಬಣ್ಣದ ಗೆರೆಗಳಾಗಿ ಸೆರೆಹಿಡಿಯುವ ವಿಧಾನ. ಕ್ಯಾಮೆರಾದ ಷಟರ್ ಹಲವು ಸೆಕೆಂಡು ತೆರೆದಿರುವಾಗ, ಸಾಗುವ ದೀಪ ತನ್ನ ದಾರಿಯುದ್ದಕ್ಕೂ ಸಂವೇದಕದ ಮೇಲೆ ಗುರುತು ಬಿಡುತ್ತದೆ. ವಾಹನದ ಮೈ ಒಂದೆಡೆ ಸಾಕಷ್ಟು ಹೊತ್ತು ನಿಲ್ಲದ ಕಾರಣ ಚಿತ್ರದಲ್ಲಿ ಮೂಡುವುದಿಲ್ಲ. ಕಟ್ಟಡ, ಸೇತುವೆಗಳು ಸ್ಪಷ್ಟವಾಗಿ ಉಳಿಯುತ್ತವೆ. ಎದುರು ಬರುವ ವಾಹನಗಳಿಂದ ಬಿಳಿ ಗೆರೆಗಳೂ ದೂರ ಸರಿಯುವವುಗಳಿಂದ ಕೆಂಪು ಗೆರೆಗಳೂ ಮೂಡುತ್ತವೆ.

ವಿಧಾನ: ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಅಲುಗದಂತೆ ನಿಲ್ಲಿಸಿ, ಐಎಸ್‌ಒ 100, ಅಪರ್ಚರ್ ಎಫ್/8ರಿಂದ ಎಫ್/16, ಷಟರ್ ಅವಧಿ 10ರಿಂದ 30 ಸೆಕೆಂಡು ಇಡುವುದು ರೂಢಿ. ಇನ್ನೂ ದೀರ್ಘ ಅವಧಿಗೆ, ಷಟರನ್ನು ಬೇಕಾದಷ್ಟು ಹೊತ್ತು ತೆರೆದಿಡುವ ‘ಬಲ್ಬ್’ ಮೋಡ್ ಮತ್ತು ರಿಮೋಟ್ ಬಳಸುತ್ತಾರೆ. ಸೂರ್ಯಾಸ್ತದ ನಂತರ ಆಕಾಶದಲ್ಲಿ ನೀಲಿ ಉಳಿದಿರುವ ಹೊತ್ತು ಅತ್ಯಂತ ಪ್ರಶಸ್ತ. ತಿರುವು ರಸ್ತೆಗಳು ಬಳುಕುವ ಗೆರೆಗಳನ್ನು ಕೊಡುತ್ತವೆ. ಕೆಲವು ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುವುದರಿಂದ ಅವುಗಳ ಜಾಡು ಚುಕ್ಕಿಗಳ ಸಾಲಾಗಿ ಕಾಣುತ್ತದೆ.

ಇತಿಹಾಸ: ಅಮೆರಿಕದ ಫ್ರ್ಯಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1910ರ ದಶಕದಲ್ಲಿ ಕಾರ್ಮಿಕರ ಕೈಗೆ ಪುಟ್ಟ ಬಲ್ಬು ಕಟ್ಟಿ, ಅವರ ಚಲನೆಯನ್ನು ಇದೇ ತತ್ತ್ವದಿಂದ ದಾಖಲಿಸಿದರು. 1949ರಲ್ಲಿ ಛಾಯಾಗ್ರಾಹಕ ಜಾನ್ ಮಿಲಿ, ಚಿತ್ರಕಾರ ಪಿಕಾಸೊ ಗಾಳಿಯಲ್ಲಿ ದೀಪದಿಂದ ಬರೆದ ಚಿತ್ರಗಳನ್ನು ಹೀಗೆಯೇ ಸೆರೆಹಿಡಿದರು.

ಸಂಚಾರದ ಅಂಚಿನಲ್ಲಿ ನಿಲ್ಲುವುದು ಅಪಾಯಕರವಾದ್ದರಿಂದ ಪಾದಚಾರಿ ಮೇಲ್ಸೇತುವೆಯಂಥ ಸುರಕ್ಷಿತ ಎತ್ತರದ ಜಾಗವೇ ಈ ಛಾಯಾಗ್ರಹಣಕ್ಕೆ ಸೂಕ್ತ.